ಗೋದಾಳ ಕೈಯೂ ನನ್ನ ಟಿಕ್ಕುಗಳೂ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಗೋದಾವರಿ ಹೊಲಿಗೆ ಯಂತ್ರದ ಮುಂದೆ ಕೂತು, "ಆ ತೋಳಿನ ಪೇಪರ್ ಕಟಿಂಗ್ ಇತ್ಲಾಗ ಕೊಡ್ರಿ" ಎಂದಳು. ರವಿಕೆ ಹೊಲಿಯುವವರ ಮನೆಯಲ್ಲಿ ಇದ್ದವರಿಗೆ ಇದು ಗೊತ್ತು. ತೋಳು, ಬೆನ್ನು, ಕುತ್ತಿಗೆ ಎಂದು ಒಂದೊಂದು ಅಳತೆಗೂ ಕಾಗದ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರೆ ಅರ್ಧ ಕೆಲಸ ಮುಗಿಯಿತು. ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಇವು ಕಿಟಕಿಯ ಪಕ್ಕದ ಮೊಳೆಗೆ ಗೊಂಚಲಾಗಿ ನೇತಾಡುತ್ತವೆ. ಹೆಚ್ಚಿನವು ಹಳೆಯ ತೆಲುಗು ಪತ್ರಿಕೆಯವು. ನನ್ನ ಕೈಗೆ ಸಿಕ್ಕ ತೋಳು ಮಾತ್ರ ದಪ್ಪ ಹಾಳೆಯದು. ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು, ನಾನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಣ್ಣ ಸಣ್ಣ ಚೌಕಗಳು, ಪ್ರತಿ ಚೌಕದಲ್ಲೂ ನೀಲಿ ಶಾಯಿಯ ಟಿಕ್ಕು. ಒಂದೇ ಅಳತೆ, ಒಂದೇ ಓರೆ. ನಾನೇ ಹಾಕಿದ ಟಿಕ್ಕುಗಳು.

"ಏನ್ ಹಂಗ ನಿಂತ್ರಿ? ಕೊಡ್ರಿ ಇಲ್ಲೆ."

ಕೊಟ್ಟೆ. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಏನೂ ನೋಡದೆ ಮುಚ್ಚಿದೆ. ಬಾಲ್ಕನಿಗೆ ಹೋಗಿ ಲೋಕಲ್ ರೈಲು ಹೋಗುವುದನ್ನು ನೋಡಿ ಬಂದೆ. ಪೇಪರು ಹಿಡಿದೆ, ಮಡಚಿಟ್ಟೆ. ನನಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲಿನಿಂದಲೂ ಕಡಿಮೆ. ಮನಸ್ಸಿಗೆ ಮುಳ್ಳು ಚುಚ್ಚಿದಾಗಲಂತೂ ಕಾಲು ತಾನಾಗಿಯೇ ಓಡಾಡಲು ಶುರು ಮಾಡುತ್ತದೆ. ಆ ಟಿಕ್ಕುಗಳ ವಿಷಯ ನಿಮಗೆ ಹೇಳಿಬಿಟ್ಟರೆ ಒಂದು ಕಡೆ ಕೂತೇನೋ ಏನೋ.

ಮೂರು ವರ್ಷಕ್ಕೂ ಹಿಂದಿನ ಮಾತು. ಗೋದಾ ಶಂಕರಪಾಳಿ ಕರಿಯುತ್ತಿದ್ದಳು. ಒಲೆಯ ಮೇಲಿನ ಕಡಾಯಿ ವಾಲಿತು. ಬೀಳುವ ವಸ್ತುವನ್ನು ಹಿಡಿಯುವುದು ಕೈಗೆ ಹುಟ್ಟಿನಿಂದ ಬಂದ ಬುದ್ಧಿ. ಅವಳ ಬಲಗೈ ಮುಂದೆ ಹೋಯಿತು. ಕಾದ ಎಣ್ಣೆ ಅಂಗೈ ತುಂಬ ಸುರಿದು, ಒಂದಿಷ್ಟು ಕುತ್ತಿಗೆಗೂ ಸಿಡಿಯಿತು. ನಲ್ಲಿಯ ಕೆಳಗೆ ಕೈ ಹಿಡಿಸಬೇಕು ಎಂಬ ಬುದ್ಧಿ ಪುಣ್ಯಕ್ಕೆ ನನಗಿತ್ತು. ಎದುರುಮನೆಯವರು ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು, ನಾನು ಹಚ್ಚಗೊಡಲಿಲ್ಲ. ಈ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು, ಆದ್ದರಿಂದ ಮೊದಲೇ ಹೇಳಿದ್ದೇನೆ.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಆಸ್ಪತ್ರೆಯಿಂದ ಬಿಡುವಾಗ ಅಂಗೈಯ ಅಡಿಗೆ ಕಟ್ಟಿಕೊಳ್ಳಲು ಬಿಳಿ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕೊಟ್ಟರು. ಅವರು ಅದನ್ನು ಸ್ಪ್ಲಿಂಟ್ ಎಂದರು, ಗೋದಾ 'ಹಲಗಿ' ಎಂದಳು. ಅದರ ಮೇಲೆ ಬೆರಳುಗಳನ್ನು ಚಾಚಿ, ನಾಲ್ಕು ಕಡೆ ಬಿಗಿದು, ಸ್ನಾನ ಮತ್ತು ವ್ಯಾಯಾಮದ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತೂ ಇಟ್ಟುಕೊಳ್ಳಬೇಕು. ದಿನಕ್ಕೆ ಮೂರು ಸಲ ಬಿಚ್ಚಿ, ಒಂದೊಂದೇ ಬೆರಳನ್ನು ಹಿಂದಕ್ಕೆ ಎಳೆದು, ಹತ್ತು ಎಣಿಸಿ ಬಿಡಬೇಕು. ಮಾಡಿದ್ದಕ್ಕೆ ಗುರುತಾಗಿ ಕ್ಯಾಲೆಂಡರಿನಷ್ಟು ಅಗಲದ ದಪ್ಪ ಹಾಳೆಯೊಂದರಲ್ಲಿ ಟಿಕ್ಕು ಹಾಕಬೇಕು. ವ್ಯಾಯಾಮ ಕಲಿಸಿದ ಹೆಂಗಸು ನನಗೆ ಎರಡು ಸಲ ಒತ್ತಿ ಹೇಳಿದ್ದರು: ಸುಟ್ಟ ಚರ್ಮ ಮಾಯುತ್ತ ಮಾಯುತ್ತ ಒಳಕ್ಕೆ ಎಳೆದುಕೊಳ್ಳುತ್ತದೆ, ರೋಗಿಗೆ ಯಾವ ಭಂಗಿ ಹಿತವೋ ಕೈ ಅದೇ ಭಂಗಿಯಲ್ಲಿ ನಿಂತುಬಿಡುತ್ತದೆ. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮನೆಗೆ ಬಂದ ಮೂರನೆಯ ದಿನ ಮಧ್ಯಾಹ್ನ ಗೋದಾ ಅತ್ತಳು. ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು. ಅವಳು ಅಳುವುದನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ.

"ಒಂದ್ ತಾಸು ಬಿಚ್ಚರಿ. ಜೀವಾ ಹೋಗಾಕತ್ತೈತಿ. ಒಂದ ತಾಸು."

ಬಿಚ್ಚಿದೆ. ಕೈ ಮೆಲ್ಲಗೆ ಮುದುಡಿಕೊಂಡಿತು. ಅವಳ ಮುಖ ಸಡಿಲವಾಯಿತು, ನಿದ್ದೆ ಹತ್ತಿತು. ಆ ಮುಖ ನೋಡಿ ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ. ಏನೋ ದೊಡ್ಡ ಉಪಕಾರ ಮಾಡಿದೆ ಅನ್ನಿಸಿತು. ಮರುದಿನ ಎರಡು ತಾಸಾಯಿತು. ವಾರ ಕಳೆಯುವಷ್ಟರಲ್ಲಿ ಹಲಗೆ ಕಪಾಟಿನ ಮೇಲೇರಿತು. ಬೆರಳು ಎಳೆಯುವಾಗ ಅವಳು 'ಅವ್ವಾ' ಎಂದರೆ ನಾನು ಮೂರಕ್ಕೇ ಎಣಿಕೆ ನಿಲ್ಲಿಸುತ್ತಿದ್ದೆ. ಆಮೇಲೆ ಎಳೆಯುವುದನ್ನೇ ಬಿಟ್ಟೆ. ಬದಲಿಗೆ ಊಟ ಕಲಸಿ ತುತ್ತು ಕೊಟ್ಟೆ, ತಲೆ ಬಾಚಿದೆ, ಒಂದು ಲೋಟ ಎತ್ತಲೂ ಬಿಡಲಿಲ್ಲ. "ನೀ ಏನೂ ಮಾಡಬ್ಯಾಡ, ಸುಮ್ನ ಕೂಡು" ಎನ್ನುವುದು ನಮ್ಮ ಕಲಬುರಗಿ ಕಡೆ ಮಂದಿಗೆ ಗೊತ್ತಿರುವ ದೊಡ್ಡ ಪ್ರೀತಿಯ ಮಾತು. ಎದುರುಮನೆಯವರು, "ಎಂತ ಮಂಚಿವಾಡಮ್ಮಾ ಮೀ ಆಯನ" ಎಂದು ಗೋದಾಳಿಗೆ ಹೇಳಿದ್ದು, ಅಂದರೆ ನಿನ್ನ ಗಂಡ ಎಷ್ಟು ಒಳ್ಳೆಯವನು ಎಂದದ್ದು, ನನ್ನ ಕಿವಿಗೂ ಬಿತ್ತು. ನಾನು ಕೇಳಿಸದವನಂತೆ ಇನ್ನೊಂದು ಸಲ ಸಾರು ಬಿಸಿ ಮಾಡಿದೆ.

ಹಾಳೆಯ ಮಾತು? ಅದನ್ನು ನಾನು ತಪ್ಪದೆ ತುಂಬಿದೆ. ನಾನು ಒಂದು ಕಚೇರಿಯ ಗುಮಾಸ್ತ. ಖಾಲಿ ಚೌಕ ಕಂಡರೆ ನನ್ನ ಕೈ ತಡೆಯುವುದಿಲ್ಲ. ತಪಾಸಣೆಗೆ ಬರುವವರು ಕೆಲಸ ನೋಡುವುದಿಲ್ಲ, ರಿಜಿಸ್ಟರು ನೋಡುತ್ತಾರೆ ಎಂಬುದು ನಾನು ಇಪ್ಪತ್ತೈದು ವರ್ಷ ದುಡಿದು ಕಲಿತ ವಿದ್ಯೆ. ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಇಡೀ ವಾರದ ಇಪ್ಪತ್ತೊಂದು ಟಿಕ್ಕು ಒಟ್ಟಿಗೆ ಹಾಕುತ್ತಿದ್ದೆ. ಮೂರು ತಿಂಗಳಿಗೆ ಹಾಳೆ ತುಂಬಿತು. ಅಷ್ಟರಲ್ಲಿ ಗೋದಾಳ ಬಲಗೈಯ ನಾಲ್ಕು ಬೆರಳೂ ಅಂಗೈಯ ಕಡೆ ಬಾಗಿ ಗಟ್ಟಿಯಾಗಿ ನಿಂತಿದ್ದವು.

ಹೊಲಿಯುವವಳಿಗೆ ಬಲಗೈ ಎಂದರೇನು, ನೀವೇ ಹೇಳಿ. ಕತ್ತರಿ ಹಿಡಿಯಲು ಬೆರಳು ಬಿಚ್ಚಬೇಕು. ಸೂಜಿಯ ಕೆಳಗೆ ಬಟ್ಟೆ ಸರಿಸಲು ಅಂಗೈ ಚಪ್ಪಟೆಯಾಗಬೇಕು. ಅವಳು ಮುಷ್ಟಿಯಿಂದಲೇ ಬಟ್ಟೆ ತಳ್ಳಿ ನೋಡಿದಳು. ಹೊಲಿಗೆ ಹಾವು ಹೋದಂತೆ ಹೋಯಿತು. ಯಂತ್ರಕ್ಕೆ ಚಾದರ ಹೊದಿಸಿಟ್ಟಳು. ಗಿರಾಕಿಗಳು ಬಂದರೆ ಬಾಗಿಲಲ್ಲೇ ನಿಂತು, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದಳು. ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ಕುತ್ತಿಗೆಯ ಕಲೆಗೆ ಮಾತ್ರ ಅವಳು ಸೊಪ್ಪು ಹಾಕಲಿಲ್ಲ. ಕೈ ಸುಡುವ ಮೊದಲು ಹೊಲಿದಿದ್ದ ಒಂದು ಎತ್ತರದ ಕಾಲರಿನ ರವಿಕೆ ಇತ್ತು. ಅದನ್ನು ತೊಟ್ಟು ಒಂದು ಮದುವೆಗೆ ಹೋದಳು. ಅಲ್ಲಿ ಇಬ್ಬರು ಹೆಂಗಸರು ಅಂಥದ್ದೇ ಬೇಕೆಂದು ಹಿಂದೆ ಬಿದ್ದರು. ಇದು ಫ್ಯಾಷನ್ ಅಲ್ಲ, ಕಲೆ ಮುಚ್ಚಲಿಕ್ಕೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗೋದಾ ನನ್ನ ಕಾಲು ತುಳಿದಳು.

ಕಲೆ ಹಣ್ಣಾಗಲು, ಅಂದರೆ ಕೆಂಪು ಇಳಿದು ಮೆತ್ತಗಾಗಲು, ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕೆಂದರು. ಕಾದು, ಸಿಕಂದರಾಬಾದಿನ ಕಡೆಯ ಒಂದು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಬಳಿ ಹೋದೆವು. ಐವತ್ತರ ಆಸುಪಾಸಿನ ಡಾಕ್ಟರಮ್ಮ. ತೆಲುಗು ಬೆರೆತ ಹಿಂದಿಯಲ್ಲಿ ಚುಟುಕಾಗಿ ಮಾತಾಡುವವರು. ಗೋದಾಳ ಕೈಯನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡು ತಿರುಗಿಸಿ ನೋಡಿ, ದಾರಿಗಳನ್ನು ವಿವರಿಸಿದರು. ಗೆರೆಯಂತೆ ಎಳೆದುಕೊಂಡ ಸಣ್ಣ ಕಲೆಯಾದರೆ ಅಂಕುಡೊಂಕಾಗಿ ಕೊಯ್ದು ಅದಲುಬದಲಾಗಿ ಹೊಲಿದರೆ ಸಾಕು. ದೊಡ್ಡದಾದರೆ ಬಿಗಿದ ಚರ್ಮ ಬಿಡಿಸಿ, ಖಾಲಿಯಾದ ಜಾಗಕ್ಕೆ ಬೇರೆ ಕಡೆಯ ಚರ್ಮ ಹಾಕಬೇಕು. ತೊಡೆಯಿಂದ ತೆಳ್ಳಗೆ ಹೆರೆದು ತೆಗೆದದ್ದು ಬೇಗ ಹಿಡಿಯುತ್ತದೆ, ಆದರೆ ಆಮೇಲೆ ಕುಗ್ಗುತ್ತದೆ. ತೊಡೆಯ ಸಂದಿನಿಂದ ಪೂರ್ತಿ ದಪ್ಪಕ್ಕೆ ತೆಗೆದದ್ದು ಅಷ್ಟು ಕುಗ್ಗುವುದಿಲ್ಲ, ಆದರೆ ಹೆಚ್ಚು ಸಿಗುವುದಿಲ್ಲ. ಕುತ್ತಿಗೆಗೆ ಸಿಲಿಕೋನ್ ಹಾಳೆ, ಇಂಜೆಕ್ಷನ್, ಲೇಸರ್. ನಾನು ನೋಟ್‌ಬುಕ್ಕು ತೆಗೆದು ಬರೆದುಕೊಳ್ಳುತ್ತ ಎರಡನೆಯ ವಾಕ್ಯಕ್ಕೇ ಹಿಂದೆ ಬಿದ್ದೆ. ಗೋದಾ ಮಾತ್ರ ಮುಂದಕ್ಕೆ ಬಾಗಿ ಕೂತಿದ್ದಳು.

"ರವಿಕಿ ಒಳಗ ಹಚ್ಚೂ ತೆಳ್ಳನ ಅಸ್ತರ ನೀರಿಗಿ ಬಿದ್ರ ಕುಗ್ಗತೈತಿ, ದಪ್ಪಂದು ತಡೀತೈತಿ. ಅಷ್ಟೇ ಅಲ್ರಿ?" ಎಂದು ನನ್ನ ಕಡೆ ತಿರುಗಿದಳು. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಡಾಕ್ಟರಮ್ಮ ಮೊದಲ ಸಲ ನಕ್ಕರು. ಆಮೇಲೆ ಅವರಿಬ್ಬರೂ ನನ್ನ ಹಂಗಿಲ್ಲದೆ, ಕಾಗದದ ಮೇಲೆ ಗೆರೆ ಎಳೆದು, ಎಲ್ಲಿ ಎಷ್ಟು ಬಟ್ಟೆ ಬಿಡಬೇಕೆಂದು ಮಾತಾಡಿಕೊಂಡರು.

ಸುಮ್ಮನಿರಲಾರದೆ ನಾನು, "ನನ್ನ ತೊಡೆಯ ಚರ್ಮ ತೆಗೆದುಕೊಳ್ಳಿ" ಎಂದೆ. ಒಂದು ವಾರದಿಂದ ಈ ಮಾತನ್ನು ಮನಸ್ಸಿನಲ್ಲೇ ಅಂದುಕೊಂಡು ಕಣ್ಣು ತೇವ ಮಾಡಿಕೊಂಡಿದ್ದೆ. ಬೇರೆಯವರ ಚರ್ಮ ಕೆಲವೇ ವಾರ ನಿಲ್ಲುತ್ತದೆ, ಆಮೇಲೆ ಮೈ ಅದನ್ನು ಎಸೆದುಬಿಡುತ್ತದೆ, ಇಂಥದ್ದಕ್ಕೆ ತಮ್ಮದೇ ಆಗಬೇಕು ಎಂದು ಡಾಕ್ಟರಮ್ಮ ಹೇಳಿದರು. "ಬ್ಯಾಡ ಬಿಡ್ರಿ, ನಿಮ್ಮ ಚರ್ಮ ಭಾಳ ದಪ್ಪ" ಎಂದಳು ಗೋದಾ.

ಆಗ ಡಾಕ್ಟರಮ್ಮ ಕೇಳಿದರು: "ಸ್ಪ್ಲಿಂಟ್ ಪೂರಾ ಪೆಹನೇ ಥೇ?" ಪೂರ್ತಿ ಕಟ್ಟಿಕೊಂಡಿದ್ದಿರಾ ಎಂದು.

ನೋಡಿ, ಇಂಥ ಪ್ರಶ್ನೆಗೆ ಉತ್ತರ ಹೇಳಲು ಎರಡು ಕ್ಷಣ ಸಿಗುತ್ತದೆ. ಗೋದಾ ನನ್ನನ್ನು ನೋಡಿದಳು. ನಾನು ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. "ಒಂದು ದಿನವೂ ತಪ್ಪಿಲ್ಲ ಮೇಡಂ."

ಡಾಕ್ಟರಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರ ಮುಖ ಬಾಡಿತು. ಇಷ್ಟು ಶಿಸ್ತಾಗಿ ಮಾಡಿದ ಮೇಲೂ ಕೈ ಹೀಗೆ ಬಿಗಿದಿದೆ ಎಂದರೆ ಇವರ ಕಲೆಯ ಸ್ವಭಾವವೇ ಕೆಟ್ಟದ್ದು, ಬರೀ ಚರ್ಮ ಹಾಕಿದರೆ ಅದೂ ಹೀಗೇ ಎಳೆದುಕೊಳ್ಳುತ್ತದೆ ಎಂದರು. ಹಾಗಾದರೆ ಉಳಿದ ದಾರಿ ಒಂದು. ಕೈಯನ್ನು ಬಿಡಿಸಿ, ತೊಡೆಯ ಸಂದಿನ ಹತ್ತಿರ ಮೈಗೇ ಹೊಲಿದು, ಮೂರು ವಾರ ಹಾಗೇ ಇಡಬೇಕು. ಅಲ್ಲಿನ ಚರ್ಮ, ಕೊಬ್ಬು, ರಕ್ತನಾಳ ಸಮೇತ ಕೈಗೆ ಅಂಟಿದ ಮೇಲೆ ಕತ್ತರಿಸಿ ಬೇರ್ಪಡಿಸಬೇಕು. ಎರಡು ಆಪರೇಷನ್ನು, ಬೇಕಾದರೆ ತೆಳ್ಳಗೆ ಮಾಡಲು ಮೂರನೆಯದು. ಖರ್ಚು ಅದಕ್ಕೆ ತಕ್ಕಂತೆ.

ಆಟೋ ಇಳಿದು ಮನೆಯ ಮೆಟ್ಟಿಲ ಹತ್ತಿರ ಗೋದಾ ಒಂದೇ ಮಾತು ಅಂದಳು: "ಸುಳ್ಳ ನಿಮ್ದು. ಹೊಲಿಸ್ಕೊಳ್ಳಾಕಿ ನಾನು."

ನಾನು ಮರುದಿನವೇ ಹೋಗಿ ನಿಜ ಹೇಳಿದೆ ಎಂದುಕೊಂಡಿರಾ? ನೀವು ನನ್ನನ್ನು ಇನ್ನೂ ಅರಿತಿಲ್ಲ. ನಾನು ಬೇರೆ ಡಾಕ್ಟರರನ್ನು ಹುಡುಕಲು ಹೊರಟೆ. ಮಣಿಕೊಂಡದ ಆಚೆಗಿನ ಗಾಜಿನ ಗೋಡೆಯ ಆಸ್ಪತ್ರೆಗೆ ಹೋದೆ. ಅಲ್ಲಿ ಕೃತಕ ಚರ್ಮದ ಹಾಳೆಯೂ ಉಂಟು ಎಂದರು. ಅದರ ಒಂದು ತುಂಡಿನ ಬೆಲೆಗೆ ನಾನು ಒಂದು ಹೊಸ ಸ್ಕೂಟರು ತರಬಹುದಿತ್ತು, ಎಲ್ಲ ಸೇರಿ ಲಕ್ಷಗಳ ಮಾತು. ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಖರ್ಚು ಅಷ್ಟಿಲ್ಲ, ಆದರೆ ಹೊಸದಾಗಿ ಸುಟ್ಟುಕೊಂಡು ಬಂದವರೇ ಸಾಲುಗಟ್ಟಿರುವಾಗ ಹಳೆಯ ಕಲೆಯವರು ಕಾಯಬೇಕು. ಮಧ್ಯಮ ತರಗತಿಯ ಇನ್ನೊಂದು ಕಡೆ ಕೆಲವು ಹತ್ತು ಸಾವಿರಗಳಲ್ಲಿ ಮುಗಿಸುತ್ತೇವೆ ಎಂದರು. ಕೋಣೆ, ಅರಿವಳಿಕೆ, ಡ್ರೆಸ್ಸಿಂಗು ಬೇರೆ ಎಂದು ಮೆಲ್ಲಗೆ ಸೇರಿಸಿದರು. ನಮ್ಮ ಕಚೇರಿಯವರಂತೂ ಕುತ್ತಿಗೆಯ ಕಲೆ ಸೌಂದರ್ಯದ ಲೆಕ್ಕ, ದುಡ್ಡು ಬರುವುದಿಲ್ಲ, ಕೈ ಆಡಬೇಕು ಎಂಬುದಕ್ಕೆ ಡಾಕ್ಟರು ಬರೆದುಕೊಟ್ಟರೆ ಬರುತ್ತದೆ ಎಂದರು. ಹೋದಲ್ಲೆಲ್ಲ ಕೊನೆಗೆ ಅದೇ ಪ್ರಶ್ನೆ, ಸ್ಪ್ಲಿಂಟ್ ಕಟ್ಟಿದ್ದಿರಾ. ಹೋದಲ್ಲೆಲ್ಲ ನಾನು ಹಾಳೆ ಹರಡಿದೆ. ಹೋದಲ್ಲೆಲ್ಲ ಅವರ ಮುಖ ಬಾಡಿತು.

ಸಿಕಂದರಾಬಾದಿಗೆ ಹೋಗುತ್ತೇನೆ, ಇವತ್ತು ಹೇಳಿಯೇಬಿಡುತ್ತೇನೆ ಎಂದು ಎಷ್ಟೋ ಸಂಜೆ ಹೊರಟಿದ್ದುಂಟು. ಬಸ್ಸು ಆ ಕಡೆ ಹೋದರೂ ನಾನು ಇನ್ನೊಂದು ಬಸ್ಸು ಹಿಡಿದು ಪಾತ್ರೆ ಅಂಗಡಿಗಳ ಬೇಗಂ ಬಜಾರಿನಲ್ಲಿ ಇಳಿಯುತ್ತಿದ್ದೆ. ಜನಜಂಗುಳಿಯಲ್ಲಿ ಎರಡು ಸುತ್ತು ಹೊಡೆದು, ಬರಿಗೈಲಿ ಹೋಗಲಾರದೆ ಏನಾದರೂ ಕೊಳ್ಳುತ್ತಿದ್ದೆ. ಒಂದು ದಿನ ಜರಡಿ, ಒಂದು ದಿನ ಚಿಮಟಿಗೆ, ಒಂದು ದಿನ ಮೂರು ಅಂತಸ್ತಿನ ಊಟದ ಡಬ್ಬಿ.

"ಡಾಕ್ಟರಮ್ಮ ಏನಂದ್ರು?" ಎಂದು ಗೋದಾ ಜರಡಿಯನ್ನು ನೋಡುತ್ತಲೇ ಕೇಳುವಳು.

"ಸಿಗಲಿಲ್ಲ."

"ಹೂಂ. ಜರಡಿ ಸಿಕ್ತು."

ಆಪರೇಷನ್ನಿನ ದಿನ ಗೊತ್ತು ಮಾಡಲು ಇಬ್ಬರೂ ಹೋಗಬೇಕಾಯಿತು. ಡಾಕ್ಟರಮ್ಮ ಕಾಗದದ ಮೇಲೆ ಒಬ್ಬ ಹೆಂಗಸಿನ ಚಿತ್ರ ಬರೆದು, ಅವಳ ಕೈಯನ್ನು ಸೊಂಟದ ಕೆಳಗೆ ಸೇರಿಸಿ ತೋರಿಸಿದರು. ಮೂರು ವಾರ ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂದು ವಿವರಿಸಿದರು. ಗೋದಾ ಎಡಗೈಯಿಂದ ಆ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ಸಲ ಪ್ರಶ್ನೆ ಕೇಳಲಿಲ್ಲ. ಚಿತ್ರದ ಹೆಂಗಸಿನ ಕೈಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಅವಳಿಗೆ ಹೆದರಿಕೆಯಾಗಿದೆ ಎಂದು ನನಗೆ ಆಗ ತಿಳಿಯಿತು. ಒಂದು ತಿಂಗಳಿಂದ ನನ್ನ ಹೆದರಿಕೆಯನ್ನೇ ಹೊತ್ತು ಓಡಾಡುತ್ತಿದ್ದ ನನಗೆ ಅವಳದ್ದು ಕಂಡೇ ಇರಲಿಲ್ಲ.

"ಮೇಡಂ, ಆ ಟಿಕ್ಕುಗಳನ್ನು ನಾನು ಹಾಕಿದ್ದು" ಎಂದೆ.

"ಹೌದು, ಅವರ ಕೈಲಿ ಆಗುತ್ತಿರಲಿಲ್ಲವಲ್ಲ" ಎಂದರು ಡಾಕ್ಟರಮ್ಮ, ಬರೆಯುವುದನ್ನು ನಿಲ್ಲಿಸದೆ.

ಧೈರ್ಯ ಮಾಡಿ ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಬೇಕಾಗಿ ಬಂದರೆ ಎಂಥ ಕಷ್ಟ ಗೊತ್ತೇ? "ಹಾಗಲ್ಲ. ಸ್ಪ್ಲಿಂಟ್ ಒಂದು ವಾರವೂ ಕಟ್ಟಲಿಲ್ಲ. ವ್ಯಾಯಾಮ ಮಾಡಿಸಲಿಲ್ಲ. ಭಾನುವಾರ ಕೂತು ಎಲ್ಲ ಟಿಕ್ಕು ಒಟ್ಟಿಗೆ ಹಾಕಿದೆ. ಅವಳಿಗೆ ನೋಯುತ್ತಿತ್ತು."

ಪೆನ್ನು ನಿಂತಿತು. ಬೈಯುತ್ತಾರೆ ಎಂದುಕೊಂಡೆ, ಬೈದರು ಕೂಡ. ಆದರೆ ಅದಕ್ಕೆ ಮೊದಲು ಗೋದಾಳ ಕೈಯನ್ನು ಇನ್ನೊಮ್ಮೆ ಎಳೆದುಕೊಂಡು, ಒಂದೊಂದು ಬೆರಳನ್ನೂ ಒತ್ತಿ ನೋಡಿದರು. ಹಾಗಾದರೆ ತಪ್ಪು ಕಲೆಯದ್ದಲ್ಲ, ಮೈಗೆ ಹೊಲಿಯುವುದು ಬೇಡ, ಬಿಡಿಸಿ ದಪ್ಪ ಚರ್ಮ ಹಾಕೋಣ, ಒಂದೇ ಆಪರೇಷನ್ನು ಎಂದರು. ಕೈಯ ಚಲನೆಗಾಗಿ ಎಂದು ಕಚೇರಿಗೆ ಬರೆದೂ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಅವರು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕೊನೆಯ ಮಾತಿಷ್ಟು: ಅರ್ಧ ಕೆಲಸ ನನ್ನದು, ಇನ್ನರ್ಧ ನಿಮ್ಮ ಮನೆಯದು, ಆರು ತಿಂಗಳು ನೀವು ಇವರ ಮೇಲೆ ದಯೆ ತೋರಿಸಕೂಡದು.

ಹೊರಗೆ ಬೆಂಚಿನ ಮೇಲೆ ಕೂತಾಗ ಗೋದಾ, "ಬಿಚ್ಚರಿ ಅಂದಾಕಿ ನಾನೂ ಹೌದು" ಎಂದಳು.

"ಮತ್ತ ಅವತ್ತ ಯಾಕ ಹೇಳಲಿಲ್ಲ ನೀ?"

"ನೀವ ಹೇಳ್ತೀರಿ ಅಂತ ದಾರಿ ನೋಡಿದೆ. ಇವತ್ತೂ ಹೇಳದಿದ್ರ ನಾನ ಹೇಳ್ತಿದ್ದೆ. ಆಮ್ಯಾಲ ನಿಮ್ಮ ಜೋಡಿ ಮಾತಾಡ್ತಿರಲಿಲ್ಲ." ಅವಳು ಅದನ್ನು ಹುಡುಗಾಟಕ್ಕೆ ಹೇಳಲಿಲ್ಲ.

ಆಪರೇಷನ್ನು ಆಯಿತು, ಚರ್ಮ ಹಿಡಿಯಿತು. ಹೊಸ ಚರ್ಮ ಸುತ್ತಲಿನ ಅಂಗೈಗಿಂತ ಒಂದು ಬಣ್ಣ ಕಪ್ಪು. ಅಸ್ತರ ಹೊಂದಲಿಲ್ಲ ಎಂದು ಗೋದಾ ಈಗಲೂ ಆಡಿಕೊಳ್ಳುತ್ತಾಳೆ. ಹೊಸ ಹಾಳೆ ಬಂತು. ಅದನ್ನು ಅವಳು ನನ್ನ ಕೈಗೆ ಕೊಡಲಿಲ್ಲ. ಎಳೆಯುವುದು ನಾನು, ಟಿಕ್ಕು ಹಾಕುವುದು ಅವಳು, ಅದೂ ಅದೇ ಬಲಗೈಯಿಂದ. ಮೊದಲ ಟಿಕ್ಕು ಚೌಕ ದಾಟಿ ಪಕ್ಕದ ಮನೆಗೆ ಹೋಗಿತ್ತು. ಎಳೆಯುವಾಗ ಅವಳು ಕೂಗುತ್ತಿದ್ದಳು, ನಾನು ಗೋಡೆ ನೋಡುತ್ತ ಹತ್ತು ಎಣಿಸುತ್ತಿದ್ದೆ. ಎದುರುಮನೆಯವರು ಒಂದು ದಿನ ಬಂದು ನನ್ನನ್ನು ಕೆಟ್ಟದಾಗಿ ನೋಡಿ ಹೋದರು. ನಾನು ವಿವರಣೆ ಕೊಡಲಿಲ್ಲ.

ಈಗ ಎರಡು ವರ್ಷವಾಗುತ್ತ ಬಂತು. ಮೂರು ಬೆರಳು ಪೂರ್ತಿ ಬಿಚ್ಚುತ್ತವೆ. ಕಿರುಬೆರಳು ಮಾತ್ರ ಸ್ವಲ್ಪ ಬಾಗಿಯೇ ಇದೆ, ಬಿಟ್ಟರೆ ಇನ್ನೂ ಬಾಗುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಎಳೆಯುವುದು ನಿಂತಿಲ್ಲ. ಯಂತ್ರದ ಚಾದರ ಮಾತ್ರ ಎಂದೋ ಹೋಯಿತು.

ಇಷ್ಟು ಹೇಳಿದರೂ ನನ್ನ ಕಾಲು ನಿಲ್ಲಲಿಲ್ಲ ನೋಡಿ. ಎದ್ದು ಹೋಗಿ ಯಂತ್ರದ ಪಕ್ಕ ನಿಂತೆ. ಗೋದಾ ನನ್ನ ಟಿಕ್ಕುಗಳನ್ನು ಹಸಿರು ಬಟ್ಟೆಯ ಮೇಲೆ ಬೋರಲು ಹಾಕಿ, ಬಲಗೈಯ ಅಂಗೈ ಅಗಲಿಸಿ ಒತ್ತಿ ಹಿಡಿದು, ಎಡಗೈಯಿಂದ ಸುತ್ತ ಗೆರೆ ಎಳೆಯುತ್ತಿದ್ದಳು.

"ಈ ಹಾಳಿ ಯಾಕ ಇಟ್ಕೊಂಡಿ? ನನಗ ತೋರಸಾಕೇನು?"

ಅವಳು ತಲೆ ಎತ್ತಲಿಲ್ಲ. "ಕಾಗದ ಗಟ್ಟಿ ಇತ್ರಿ. ಪೇಪರಿಂದು ಹರೀತೈತಿ." ಗೆರೆ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟಳು. ಬಲಗೈಯನ್ನು ನನ್ನ ಮುಂದೆ ಚಾಚಿದಳು. "ಬಂದೀರಿ, ಹಂಗ ಇದನ್ನೂ ಎಳದು ಹೋಗ್ರಿ. ಇವತ್ತಿಂದು ಆಗಿಲ್ಲ."

ಸ್ಟೂಲು ಎಳೆದುಕೊಂಡು ಕೂತೆ. ಕಿರುಬೆರಳನ್ನು ಹಿಡಿದು ಹಿಂದಕ್ಕೆ ಎಳೆದೆ. ಒಂದು, ಎರಡು, ಮೂರು. "ಅವ್ವಾ" ಎಂದಳು. ಇಷ್ಟು ದಿನ ಗೋಡೆ ನೋಡುತ್ತಿದ್ದವನು ಇವತ್ತು ಅವಳ ಮುಖ ನೋಡಿದೆ. ಕಣ್ಣು ಮುಚ್ಚಿ, ತುಟಿ ಕಚ್ಚಿ ಹಿಡಿದಿದ್ದಳು. ನಾಲ್ಕು, ಐದು ಎಂದೆ, ಬೆರಳು ಬಿಡಲಿಲ್ಲ.